ಹಾವರ್ತ್ ಮನೆಯ ಪುಟ್ಟ ಪುಸ್ತಕಗಳು

ಬ್ರಾಂಟಿ ಮನೆಯ ನಾಲ್ವರು ಮಕ್ಕಳು, ಶಾರ್ಲೆಟ್, ಬ್ರಾನ್‌ವೆಲ್, ಎಮಿಲಿ ಮತ್ತು ಆನ್, 1826ರಿಂದ ಹೆಚ್ಚುಕಡಿಮೆ ಇಪ್ಪತ್ತು ವರ್ಷ ತಾವೇ ಕಟ್ಟಿಕೊಂಡ ರಾಜ್ಯಗಳ ಕಥೆಗಳನ್ನು ಬರೆಯುತ್ತ ಬಂದರು. ಗ್ಲಾಸ್ ಟೌನ್, ಆಂಗ್ರಿಯಾ, ಗೊಂಡಾಲ್ ಎಂಬವು ಆ ರಾಜ್ಯಗಳ ಹೆಸರು. ಶಾರ್ಲೆಟ್ ಬರೆದ ‘ಜೇನ್ ಐರ್’, ಎಮಿಲಿ ಬರೆದ ‘ವುದರಿಂಗ್ ಹೈಟ್ಸ್’, ಆನ್ ಬರೆದ ‘ಆಗ್ನೆಸ್ ಗ್ರೇ’ ಅಚ್ಚಾಗಿ ಹೊರಬಂದದ್ದು 1847ರ ಕೊನೆಯ ತಿಂಗಳುಗಳಲ್ಲಿ. ಅಷ್ಟು ಹೊತ್ತಿಗೆ ಅವರ ಕೈ ಬರವಣಿಗೆಯಲ್ಲಿ ಚೆನ್ನಾಗಿ ಪಳಗಿತ್ತು. ಓದುವ ಹುಚ್ಚು ಹಿಡಿದ ಮಕ್ಕಳು ಬರೆಯುವವರಾಗಿ ಬೆಳೆದ ಬಗೆಯನ್ನು ಹಾಳೆಹಾಳೆಯಾಗಿ ನೋಡಲು ಸಿಗುವ ಇಂಥ ಇನ್ನೊಂದು ಉದಾಹರಣೆ ಇಂಗ್ಲಿಷ್ ಸಾಹಿತ್ಯ ಚರಿತ್ರೆಯಲ್ಲಿ ಅಪರೂಪ.

ಈ ಮಕ್ಕಳ ತಂದೆ ಪ್ಯಾಟ್ರಿಕ್ ಬ್ರಾಂಟಿ ಐರ್ಲೆಂಡಿನ ಬಡ ಮನೆಯಲ್ಲಿ ಹುಟ್ಟಿದವರು. ಓದಿನ ಬಲದಿಂದಲೇ ಕೇಂಬ್ರಿಜ್ ಸೇರಿ, ಪಾದ್ರಿಯಾಗಿ, 1820ರಲ್ಲಿ ಯಾರ್ಕ್‌ಷೈರಿನ ಹಾವರ್ತ್ ಎಂಬ ಗುಡ್ಡದ ಊರಿಗೆ ಬಂದರು. ಚರ್ಚಿನ ಸ್ಮಶಾನಕ್ಕೆ ಮುಖಮಾಡಿದ ಮನೆ, ಹಿಂದೆ ಹುಲ್ಲು ಮತ್ತು ಹೆದರ್ ಪೊದೆಯ ಬಯಲು. ಆರು ಮಕ್ಕಳ ತಾಯಿ ಮರಿಯಾ 1821ರಲ್ಲಿ ತೀರಿಕೊಂಡರು. ಆಕೆಯ ಅಕ್ಕ ಎಲಿಜಬೆತ್ ಬ್ರಾನ್‌ವೆಲ್ ದೂರದ ಕಾರ್ನ್‌ವಾಲ್‌ನಿಂದ ಬಂದು ಮನೆ ನೋಡಿಕೊಂಡರು. ದೊಡ್ಡ ಹುಡುಗಿಯರಾದ ಮರಿಯಾ ಮತ್ತು ಎಲಿಜಬೆತ್ ವಸತಿ ಶಾಲೆಯಲ್ಲಿ ಕಾಯಿಲೆ ಬಿದ್ದು, 1825ರ ಬೇಸಗೆಯಲ್ಲಿ ಆರು ವಾರಗಳ ಅಂತರದಲ್ಲಿ ಇಬ್ಬರೂ ಸತ್ತರು. ಉಳಿದ ನಾಲ್ವರನ್ನು ತಂದೆ ಮನೆಯಲ್ಲೇ ಇರಿಸಿಕೊಂಡರು. ಆಗ ಶಾರ್ಲೆಟ್‌ಗೆ ಒಂಬತ್ತು, ಎಲ್ಲರಿಗಿಂತ ಚಿಕ್ಕವಳಾದ ಆನ್‌ಗೆ ಐದು.

ಮನೆಯಲ್ಲಿ ದುಡ್ಡಿಗೆ ಕೊರತೆಯಿದ್ದರೂ ಓದಿಗೆ ಕೊರತೆ ಇರಲಿಲ್ಲ. ಪ್ಯಾಟ್ರಿಕ್ ಸ್ವತಃ ಕವನ ಬರೆದು 1811ರಷ್ಟು ಹಿಂದೆಯೇ ಪುಸ್ತಕ ಅಚ್ಚು ಹಾಕಿಸಿದ್ದವರು. ತಮ್ಮ ಮನೆತನದ ಹೆಸರೇ ಬೆನ್ನಮೇಲಿರುವ ಪುಸ್ತಕ ಕಪಾಟಿನಲ್ಲಿದ್ದರೆ, ಪುಸ್ತಕ ಮಾಡುವುದು ಎಲ್ಲೋ ದೂರದವರ ಕೆಲಸ ಎಂದು ಮಕ್ಕಳಿಗೆ ಅನಿಸುವುದಿಲ್ಲ. ಇದನ್ನು ಓದು, ಅದನ್ನು ಮುಟ್ಟಬೇಡ ಎಂಬ ಕಟ್ಟುಪಾಡನ್ನೂ ಅವರು ಹಾಕಲಿಲ್ಲ. ಬೈಬಲ್, ಬನ್ಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’, ಅರೇಬಿಯನ್ ನೈಟ್ಸ್, ಈಸೋಪನ ಕಥೆಗಳು, ಬೈರನ್ನನ ಕಾವ್ಯ, ಬ್ಯೂಯಿಕ್‌ನ ಮರಗೆತ್ತನೆ ಚಿತ್ರಗಳಿದ್ದ ಪಕ್ಷಿಗಳ ಪುಸ್ತಕ, ಎಲ್ಲವೂ ಮಕ್ಕಳ ಕೈಗೆ ಸಿಗುತ್ತಿದ್ದವು. ವಾಲ್ಟರ್ ಸ್ಕಾಟ್ ಬರೆದ ಸ್ಕಾಟ್ಲೆಂಡಿನ ಇತಿಹಾಸದ ಕಥೆಗಳನ್ನು 1828ರ ಹೊಸ ವರ್ಷಕ್ಕೆ ದೊಡ್ಡಮ್ಮ ಉಡುಗೊರೆ ಕೊಟ್ಟರು. ವಾರಕ್ಕೆ ಎರಡು ಪತ್ರಿಕೆಗಳನ್ನು ತರಿಸುತ್ತಿದ್ದರು, ಇನ್ನೊಂದು ಎರವಲಾಗಿ ಬರುತ್ತಿತ್ತು. ಎಡಿನ್‌ಬರೋದ ‘ಬ್ಲ್ಯಾಕ್‌ವುಡ್ಸ್’ ಮಾಸಿಕವೂ ಹಾಗೆಯೇ ಎರವಲು. ಮಕ್ಕಳ ಮನಸ್ಸನ್ನು ಹೆಚ್ಚು ಸೆಳೆದದ್ದು ಆ ಮಾಸಿಕವೇ. ಕಥೆ, ಕಾವ್ಯ, ರಾಜಕೀಯ, ಪುಸ್ತಕ ವಿಮರ್ಶೆ, ದೂರದೇಶದ ಪ್ರವಾಸ ಎಲ್ಲ ಒಂದೇ ಹೊದಿಕೆಯೊಳಗೆ ಕಲೆತಿರುತ್ತಿದ್ದವು. ನಾಲ್ವರ ಕಲ್ಪನೆ ಹೀಗೆ ಕಲೆತು ಬರುವುದನ್ನೇ ರೂಢಿಮಾಡಿಕೊಂಡಿತು.

1826ರ ಜೂನ್ ತಿಂಗಳಲ್ಲಿ ಪ್ಯಾಟ್ರಿಕ್ ಲೀಡ್ಸ್ ಪಟ್ಟಣಕ್ಕೆ ಹೋಗಿದ್ದಾಗ ಬ್ರಾನ್‌ವೆಲ್‌ಗೆಂದು ಹನ್ನೆರಡು ಮರದ ಸಿಪಾಯಿಗಳ ಪೆಟ್ಟಿಗೆ ತಂದರು. ಮನೆಗೆ ಬಂದದ್ದು ರಾತ್ರಿ, ಮಕ್ಕಳು ಮಲಗಿದ್ದರು. ಬೆಳಗ್ಗೆ ಬ್ರಾನ್‌ವೆಲ್ ಪೆಟ್ಟಿಗೆ ಹಿಡಿದು ಅಕ್ಕತಂಗಿಯರ ಕೋಣೆ ಬಾಗಿಲಿಗೆ ಬಂದ. ಶಾರ್ಲೆಟ್ ಹಾಸಿಗೆಯಿಂದ ಹಾರಿ ಎಲ್ಲಕ್ಕಿಂತ ಎತ್ತರದ, ಚೆಂದದ ಗೊಂಬೆಯನ್ನು ಎತ್ತಿಕೊಂಡು ಇವನು ವೆಲಿಂಗ್ಟನ್ ಎಂದಳು. ಬ್ರಾನ್‌ವೆಲ್ ತನ್ನದಕ್ಕೆ ಬೊನಪಾರ್ಟೆ ಎಂದು ಹೆಸರಿಟ್ಟ. ಎಮಿಲಿಯದು ಗಂಭೀರ ಮುಖದ ಗೊಂಬೆ, ಆನ್‌ಳದು ಅವಳಷ್ಟೇ ಪುಟ್ಟದು. ಆ ಎರಡಕ್ಕೆ ಮುಂದೆ ಪ್ಯಾರಿ ಮತ್ತು ರಾಸ್ ಎಂದು, ಆ ಕಾಲದ ಉತ್ತರ ಧ್ರುವ ಶೋಧಕರ ಹೆಸರು ನಿಂತವು. ಈ ನಾಲ್ಕೂ ಹೆಸರು ಪತ್ರಿಕೆಯಿಂದ ಇಳಿದು ಬಂದವು. ಗೊಂಬೆಗಳೇನೋ ಬಹುಕಾಲ ಬಾಳಲಿಲ್ಲ. ತನ್ನ ಸಿಪಾಯಿಗಳು ಮುರಿದು, ಕಳೆದು, ಸುಟ್ಟುಹೋದುದನ್ನು ಬ್ರಾನ್‌ವೆಲ್ ಇತಿಹಾಸಕಾರನ ಗಾಂಭೀರ್ಯದಿಂದ ದಾಖಲಿಸಿದ್ದಾನೆ. ಗೊಂಬೆ ಹೋದರೂ ಹೆಸರು ಉಳಿಯಿತು, ಹೆಸರಿನ ಸುತ್ತ ಕಥೆ ಬೆಳೆಯಿತು.

ಆಟ ಹುಟ್ಟುತ್ತಿದ್ದ ಬಗೆಗೆ ಶಾರ್ಲೆಟ್‌ಳ ಒಂದು ಟಿಪ್ಪಣಿ ಉಳಿದಿದೆ. 1827ರ ಡಿಸೆಂಬರಿನ ಒಂದು ರಾತ್ರಿ, ಹೊರಗೆ ಹಿಮಗಾಳಿ. ನಾಲ್ವರೂ ಅಡುಗೆಮನೆಯ ಬೆಂಕಿಯ ಮುಂದೆ ಕೂತಿದ್ದಾರೆ. ಮೇಣದಬತ್ತಿ ಹಚ್ಚು ಎಂದು ಕೆಲಸದ ಟ್ಯಾಬಿಯೊಂದಿಗೆ ಜಗಳವಾಡಿ ಸೋತಿದ್ದಾರೆ. ಬಹಳ ಹೊತ್ತು ಯಾರೂ ಮಾತಾಡುವುದಿಲ್ಲ. ಕೊನೆಗೆ ಬ್ರಾನ್‌ವೆಲ್ ಏನು ಮಾಡಬೇಕೋ ತೋಚುತ್ತಿಲ್ಲ ಎಂದು ಗೊಣಗುತ್ತಾನೆ. ಒಬ್ಬೊಬ್ಬರಿಗೂ ಒಂದೊಂದು ದ್ವೀಪವಿದ್ದಿದ್ದರೆ ಎಂಬ ಮಾತು ಆಗ ಹೊರಡುತ್ತದೆ. ಮರುಕ್ಷಣವೇ ಹಂಚಿಕೆ ಶುರು. ಬ್ರಾನ್‌ವೆಲ್ ಐಲ್ ಆಫ್ ಮ್ಯಾನ್ ಹಿಡಿದ, ಶಾರ್ಲೆಟ್ ಐಲ್ ಆಫ್ ವೈಟ್, ಎಮಿಲಿ ಅರನ್, ಆನ್ ಗರ್ನ್‌ಸಿ. ದ್ವೀಪಕ್ಕೆ ಮುಖ್ಯಸ್ಥರು ಬೇಕಲ್ಲ, ಒಂಬತ್ತು ವರ್ಷದ ಎಮಿಲಿ ವಾಲ್ಟರ್ ಸ್ಕಾಟನನ್ನು ಆರಿಸಿಕೊಂಡಳು. ಶಾರ್ಲೆಟ್ ಆರಿಸಿದವರಲ್ಲಿ ‘ಬ್ಲ್ಯಾಕ್‌ವುಡ್ಸ್’ ಮಾಸಿಕದ ಹೆಸರಾಂತ ಬರಹಗಾರ ಕ್ರಿಸ್ಟೋಫರ್ ನಾರ್ತ್ ಕೂಡ ಇದ್ದ. ರಾಜಕುಮಾರರ ಜೊತೆಗೆ ಕವಿ, ಸಂಪಾದಕರನ್ನೂ ವೀರರನ್ನಾಗಿ ಕಂಡ ಮಕ್ಕಳು ಇವರು. ಅವರ ಒಲವು ಎತ್ತ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾಲಕ್ರಮದಲ್ಲಿ ಈ ಆಟಗಳು ಬೆರೆತು ಒಂದು ದೊಡ್ಡ ಕಥಾಲೋಕವಾಯಿತು. ಹನ್ನೆರಡು ಸಿಪಾಯಿಗಳು ಹಡಗೇರಿ ಪಶ್ಚಿಮ ಆಫ್ರಿಕದ ಕರಾವಳಿಗೆ ಹೋಗಿ, ಅಶಾಂಟಿ ಜನರೊಂದಿಗೆ ಕಾದಾಡಿ, ಗ್ಲಾಸ್ ಟೌನ್ ಎಂಬ ಮಹಾನಗರ ಕಟ್ಟಿದರು. ಅದರ ಭೂಗೋಳ ಪೂರ್ತಿ ಕಟ್ಟುಕಥೆಯಲ್ಲ. ‘ಬ್ಲ್ಯಾಕ್‌ವುಡ್ಸ್’ 1826ರ ಜೂನ್ ಸಂಚಿಕೆಯಲ್ಲಿ ಮಧ್ಯ ಆಫ್ರಿಕದ ಭೂಗೋಳದ ಬಗ್ಗೆ ಲೇಖನವೊಂದನ್ನು ನಕ್ಷೆಸಮೇತ ಅಚ್ಚುಮಾಡಿತ್ತು, ಮಕ್ಕಳು ಅದನ್ನೇ ಬುನಾದಿ ಮಾಡಿಕೊಂಡರು. ನಕ್ಷೆಯ ಜೊತೆಗೆ ಆ ಕಾಲದ ಬ್ರಿಟಿಷ್ ಪತ್ರಿಕೆಗಳ ದರ್ಪವೂ ಅವರ ಕಥೆಗೆ ಬಂತು. ಪರರ ನೆಲಕ್ಕೆ ಹೋಗಿ ರಾಜ್ಯ ಕಟ್ಟುವುದು ಸಾಹಸ, ಅಲ್ಲಿನವರು ತಿರುಗಿಬಿದ್ದರೆ ಅದು ದಂಗೆ ಎಂಬ ನೋಟ ಆ ಹಾಳೆಗಳ ತುಂಬ ಇದೆ. ಅಶಾಂಟಿ ದೊರೆಯ ಮಗ ಕ್ವಾಶಿಯಾ ವರ್ಷಗಟ್ಟಲೆ ಆ ಕಥೆಗಳಲ್ಲಿ ಶತ್ರುವಾಗಿಯೇ ಉಳಿಯುತ್ತಾನೆ. ಮಕ್ಕಳ ಕಲ್ಪನೆ ಲೋಕದಿಂದ ಬೇರೆಯಾಗಿ, ಶುದ್ಧವಾಗಿ ಹುಟ್ಟುತ್ತದೆ ಎಂದು ನಂಬುವವರು ಈ ಹಾಳೆಗಳನ್ನು ಓದಬೇಕು. ಮನೆಗೆ ಬರುವ ಪತ್ರಿಕೆ ಏನು ಉಣಿಸುತ್ತದೋ ಅದೇ ಅಲ್ಲಿ ಮೈಗೂಡುತ್ತದೆ.

ಅರೇಬಿಯನ್ ನೈಟ್ಸ್ ಓದಿದ ಮಕ್ಕಳು ತಮ್ಮನ್ನು ಆ ಲೋಕದ ನಾಲ್ವರು ಜಿನ್ನಿಗಳೆಂದು ಕರೆದುಕೊಂಡರು. ಟ್ಯಾಲಿ, ಬ್ರ್ಯಾನಿ, ಎಮ್ಮಿ, ಆನ್ನಿ ಎಂದು ಅವರ ಹೆಸರು. ಜಿನ್ನಿಗಳಿಗಿದ್ದ ಬಹು ದೊಡ್ಡ ಅಧಿಕಾರವೆಂದರೆ ಯುದ್ಧದಲ್ಲಿ ಸತ್ತವರನ್ನು ಮತ್ತೆ ಬದುಕಿಸುವುದು. ಆಟ ಮುಂದುವರಿಯಲು ಅದು ಅನುಕೂಲದ ನಿಯಮವೂ ಹೌದು. ಆದರೆ ತಾಯಿಯನ್ನೂ ಇಬ್ಬರು ಅಕ್ಕಂದಿರನ್ನೂ ಕಳೆದುಕೊಂಡ ಮಕ್ಕಳು ಬರೆದ ನಿಯಮ ಅದು ಎಂಬುದನ್ನು ಮರೆತು ಓದುವುದು ಕಷ್ಟ. ಹಾವರ್ತ್‌ನಲ್ಲಿ ಸಾವು ದಿನನಿತ್ಯದ ಸಂಗತಿಯಾಗಿತ್ತು. 1850ರ ಆರೋಗ್ಯ ತಪಾಸಣಾ ವರದಿಯ ಪ್ರಕಾರ ಆ ಊರಿನಲ್ಲಿ ಹುಟ್ಟಿದ ನೂರು ಮಕ್ಕಳಲ್ಲಿ ನಲವತ್ತೊಂದು ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು.

ಕಥೆ ಬಾಯಿಮಾತಿನಲ್ಲಿ ನಿಲ್ಲದೆ ಪುಸ್ತಕವಾದದ್ದು ಈ ಮನೆಯ ವಿಶೇಷ. 1829ರ ಜನವರಿಯಲ್ಲಿ ಹನ್ನೊಂದು ವರ್ಷದ ಬ್ರಾನ್‌ವೆಲ್ ‘ಬ್ಲ್ಯಾಕ್‌ವುಡ್ಸ್’ ಮಾದರಿಯಲ್ಲಿ ತನ್ನದೊಂದು ಮಾಸಿಕ ಶುರುಮಾಡಿದ. ಕೆಲವು ತಿಂಗಳಲ್ಲಿ ಸಂಪಾದಕತ್ವ ಅಕ್ಕನ ಕೈಗೆ ಬಂತು, ಹೆಸರು ‘ಯಂಗ್ ಮೆನ್ಸ್ ಮ್ಯಾಗಝೀನ್’ ಆಯಿತು. ಓದುಗರು ಮರದ ಸಿಪಾಯಿಗಳು, ಆದ್ದರಿಂದ ಗಾತ್ರವೂ ಅವರಿಗೆ ತಕ್ಕಂತೆ ಇರಬೇಕು. 1830ರ ಒಂದು ಸಂಚಿಕೆಯ ಅಳತೆ 35 ಮಿಲಿಮೀಟರ್ ಅಗಲ, 61 ಮಿಲಿಮೀಟರ್ ಉದ್ದ, ಅಂದರೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ. ಅದರ ಇಪ್ಪತ್ತು ಪುಟಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪದಗಳಿವೆ. ಅಕ್ಷರಗಳನ್ನು ಅಚ್ಚಿನ ಮೊಳೆಯಂತೆ ಬಿಡಿಬಿಡಿಯಾಗಿ, ನೆಟ್ಟಗೆ ಬರೆದಿದೆ. ಭೂತಗನ್ನಡಿ ಇಲ್ಲದೆ ಓದಲಾಗದು. ಸಂಚಿಕೆಗೆ ತಿಂಗಳು, ವರ್ಷ, ವಿಷಯಸೂಚಿ, ಕಥೆಗಳು, ಕೊನೆಗೆ ಜಾಹೀರಾತುಗಳು, ಎಲ್ಲವೂ ಇವೆ.

ಕಾಗದಕ್ಕೆ ಆಗ ಬ್ರಿಟನ್ನಿನಲ್ಲಿ ಸುಂಕವಿತ್ತು, ಬೆಲೆ ಹೆಚ್ಚು. ಮಕ್ಕಳು ಸಿಕ್ಕಿದ ಚೂರನ್ನೆಲ್ಲ ಬಳಸಿದರು. ಸಕ್ಕರೆ ಕಟ್ಟಿಕೊಡುವ ದಪ್ಪ ನೀಲಿ ಕಾಗದ, ಪೊಟ್ಟಣದ ಕಾಗದ, ಗೋಡೆಗೆ ಅಂಟಿಸುವ ಚಿತ್ರಕಾಗದದ ತುಂಡು ಹೊದಿಕೆಯಾದವು. ಒಳಹಾಳೆಗಳನ್ನು ಕತ್ತರಿಸಿ, ಮಡಚಿ, ಸೂಜಿ ದಾರದಿಂದ ಹೊಲಿದರು. ಹೆಣ್ಣುಮಕ್ಕಳಿಗೆ ದೊಡ್ಡಮ್ಮ ದಿನವೂ ಹೊಲಿಗೆ ಕಲಿಸುತ್ತಿದ್ದರು, ಆ ಕೌಶಲ ಇಲ್ಲಿ ಕೈಗೆ ಬಂತು. ಅಕ್ಷರ ಇಷ್ಟು ಸಣ್ಣದಾಗಿರಲು ಇನ್ನೂ ಒಂದು ಕಾರಣ ಹೇಳುವುದುಂಟು. ತಂದೆಯ ಕಣ್ಣು ಮಂದ, ದೊಡ್ಡವರು ಕುತೂಹಲಕ್ಕೆ ಕೈಗೆತ್ತಿಕೊಂಡರೂ ಒಳಗೇನಿದೆ ಎಂದು ತಿಳಿಯುತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ, 1830ರ ಆಗಸ್ಟ್ 3ರವರೆಗೆ, ತಾನು ಮುಗಿಸಿದ ಪುಸ್ತಕಗಳ ಪಟ್ಟಿಯೊಂದನ್ನು ಶಾರ್ಲೆಟ್ ಬರೆದಿಟ್ಟಳು. ಒಟ್ಟು ಇಪ್ಪತ್ತೆರಡು ಸಂಪುಟ.

ಇಷ್ಟೆಲ್ಲ ನಡೆದದ್ದು ಮನೆಗೆಲಸದ ನಡುವೆ. 1829ರ ಮಾರ್ಚ್ 12ರಂದು ಶಾರ್ಲೆಟ್ ತಮ್ಮ ಆಟಗಳ ಚರಿತ್ರೆ ಬರೆಯಲು ಕೂತಳು. ಕೂತದ್ದು ಅಡುಗೆಮನೆಯಲ್ಲಿ. ಟ್ಯಾಬಿ ಬೆಳಗಿನ ತಿಂಡಿಯ ಪಾತ್ರೆ ತೊಳೆಯುತ್ತಿದ್ದಾಳೆ, ಆನ್ ಕುರ್ಚಿಯ ಮೇಲೆ ಮಂಡಿಯೂರಿ ಟ್ಯಾಬಿ ಬೇಯಿಸಿದ ಕೇಕುಗಳನ್ನು ನೋಡುತ್ತಿದ್ದಾಳೆ, ಎಮಿಲಿ ಹಜಾರದ ಜಮಖಾನ ಗುಡಿಸುತ್ತಿದ್ದಾಳೆ, ಅಪ್ಪ ಮತ್ತು ಬ್ರಾನ್‌ವೆಲ್ ಪತ್ರಿಕೆ ತರಲು ಕೀತ್‌ಲಿಗೆ ಹೋಗಿದ್ದಾರೆ. ಅವಳ ಮುಂದೆ ಸತ್ತುಹೋದ ಅಕ್ಕ ಮರಿಯಾ ಓದುತ್ತಿದ್ದ ಹಳೆಯ ಭೂಗೋಳದ ಪುಸ್ತಕವಿದೆ. ಇದೆಲ್ಲವನ್ನೂ ಬರೆದ ಮೇಲೆ ಅವಳು ಪತ್ರಿಕೆಗಳ ವಿಚಾರಕ್ಕೆ ಬಂದು, ಯಾವುದು ಯಾವ ಪಕ್ಷದ್ದು, ಅದರ ಸಂಪಾದಕ ಯಾರು ಎಂದು ವಿವರಿಸಿ, ಅಲ್ಲಿಂದ ಸಿಪಾಯಿಗಳ ಕಥೆಗೆ ಹೋಗುತ್ತಾಳೆ. ಪಾತ್ರೆ, ಪತ್ರಿಕೆ, ಕಲ್ಪಿತ ರಾಜ್ಯ ಮೂರಕ್ಕೂ ಒಂದೇ ಧಾಟಿ. ಹನ್ನೆರಡು ವರ್ಷದ ಹುಡುಗಿಯ ಈ ಬರಹ ದೊಡ್ಡವಳಾದ ಮೇಲೆ ಅವಳು ಬರೆದ ಯಾವ ಪುಟಕ್ಕೂ ಕಡಿಮೆಯಿಲ್ಲ.

1831ರ ಜನವರಿಯಲ್ಲಿ ಶಾರ್ಲೆಟ್ ರೋ ಹೆಡ್ ಎಂಬ ಶಾಲೆಗೆ ಹೋದಳು. ಆ ಬಿಡುವಿನಲ್ಲಿ ಎಮಿಲಿ ಮತ್ತು ಆನ್ ಅಣ್ಣ ಅಕ್ಕಂದಿರ ಗ್ಲಾಸ್ ಟೌನ್ ಬಿಟ್ಟು ತಮ್ಮದೇ ಗೊಂಡಾಲ್ ಕಟ್ಟಿದರು. ಚಿಕ್ಕವರ ಮಾತು ನಡೆಯದ ಕಡೆ ಇದ್ದು ಪ್ರಯೋಜನವಿಲ್ಲ ಎನಿಸಿರಬೇಕು. ಗೊಂಡಾಲ್ ಉತ್ತರ ಪೆಸಿಫಿಕ್ ಸಾಗರದ ಚಳಿ ದ್ವೀಪ, ಗಾಲ್ಡೀನ್ ದಕ್ಷಿಣ ಪೆಸಿಫಿಕ್‌ನಲ್ಲಿ ಹೊಸದಾಗಿ ಪತ್ತೆಯಾದ ಬಿಸಿಲಿನ ದ್ವೀಪ. ಮನೆಯಲ್ಲಿದ್ದ ಗೋಲ್ಡ್‌ಸ್ಮಿತ್ ಎಂಬಾತನ ಭೂಗೋಳದ ಪಠ್ಯಪುಸ್ತಕದ ಕೊನೆಗೆ ಜಗತ್ತಿನ ಊರು ದೇಶಗಳ ಅಕಾರಾದಿ ಇತ್ತು. ಆನ್ ಆ ಅಚ್ಚಾದ ಪಟ್ಟಿಯ ನಡುನಡುವೆ, ಅಕ್ಷರಕ್ರಮ ತಪ್ಪದಂತೆ, ಗೊಂಡಾಲ್, ಗಾಲ್ಡೀನ್, ಗೊಂಡಾಲಿನ ರಾಜಧಾನಿ ರೆಜೈನಾ, ಗಾಲ್ಡೀನಿನ ರಾಜ್ಯಗಳಾದ ಆಲ್ಮೆಡೋರ್, ಊಲಾ, ಝೆಲೋನಾ ಮೊದಲಾದವನ್ನು ಶಾಯಿಯಲ್ಲಿ ಸೇರಿಸಿದಳು. ಅವಳ ವಿವರಣೆಯ ಶೈಲಿಯೂ ಪಠ್ಯಪುಸ್ತಕದ್ದೇ, ಪುಟ್ಟದು, ಚುಟುಕಾದದ್ದು. ಆ ಪ್ರತಿ ಇಂದಿಗೂ ಹಾವರ್ತ್ ಮ್ಯೂಸಿಯಂನಲ್ಲಿದೆ.

ಎಮಿಲಿ ಮತ್ತು ಆನ್ ಕೆಲವು ವರ್ಷಗಳಿಗೊಮ್ಮೆ ಅಂದಂದಿನ ಮನೆಯ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದಿಡುತ್ತಿದ್ದರು. 1834ರ ನವೆಂಬರ್ 24ರ ಹಾಳೆಯಲ್ಲಿ ಸೇಬು ಸಿಪ್ಪೆ ತೆಗೆಯುವುದು, ಟ್ಯಾಬಿ ಬಂದು ಆಲೂಗಡ್ಡೆ ಸಿಪ್ಪೆ ತೆಗೆಯೆಂದು ಗದರುವುದು, ಹಿತ್ತಿಲ ಕೋಣೆಯಲ್ಲಿ ಬಟ್ಟೆ ಒಗೆಯುವ ಹೆಂಗಸು, ಇವುಗಳ ಮಧ್ಯೆಯೇ ಗೊಂಡಾಲಿನವರು ಗಾಲ್ಡೀನಿನ ಒಳನಾಡನ್ನು ಶೋಧಿಸುತ್ತಿದ್ದಾರೆ ಎಂಬ ವರದಿ ಬರುತ್ತದೆ. ಅದಕ್ಕೆ ಮುನ್ನುಡಿಯಿಲ್ಲ, ಬೇರೆ ಪ್ಯಾರಾ ಕೂಡ ಇಲ್ಲ. ಕಾಗುಣಿತ ತಪ್ಪುಗಳು ಧಾರಾಳ, ಆಗ ಎಮಿಲಿಗೆ ಹದಿನಾರು. ಮುಂದೆ ‘ವುದರಿಂಗ್ ಹೈಟ್ಸ್’ನ ಘೋರ ಕಥೆಯನ್ನು ಮನೆಗೆಲಸದ ನೆಲ್ಲಿ ಡೀನ್ ಹೇಳುವಂತೆ ಎಮಿಲಿ ಮಾಡಿದ್ದು ಅಕಸ್ಮಾತ್ತಲ್ಲ ಎಂದು ಈ ಹಾಳೆ ಓದಿದವರಿಗೆ ಅನಿಸದಿರದು.

ಇತ್ತ ಬ್ರಾನ್‌ವೆಲ್ ಮತ್ತು ಶಾರ್ಲೆಟ್ 1834ರಲ್ಲಿ ಗ್ಲಾಸ್ ಟೌನಿನ ಪೂರ್ವಕ್ಕೆ ಆಂಗ್ರಿಯಾ ರಾಜ್ಯ ಸ್ಥಾಪಿಸಿದರು. ದೊರೆ ಝಮೋರ್ನಾ ಪ್ರಣಯ, ದ್ರೋಹ, ಗರ್ವಗಳ ಮೂರ್ತಿ. ಅವನ ಮಾವ ನಾರ್ತಂಗರ್‌ಲ್ಯಾಂಡ್ ಬ್ರಾನ್‌ವೆಲ್‌ನ ಮೆಚ್ಚಿನ ಪಾತ್ರ. ಯುದ್ಧ, ಚುನಾವಣೆ, ಸಾಲದ ವ್ಯವಹಾರ ತಮ್ಮನ ಪಾಲು, ಮನುಷ್ಯ ಸಂಬಂಧಗಳ ಒಳಸುಳಿ ಅಕ್ಕನ ಪಾಲು. ಶಾರ್ಲೆಟ್ 1835ರಲ್ಲಿ ರೋ ಹೆಡ್ ಶಾಲೆಗೇ ಶಿಕ್ಷಕಿಯಾಗಿ ಹೋದ ಮೇಲೆ ಈ ಲೋಕ ಅವಳಿಗೆ ಆಸರೆಯೂ ಹಿಂಸೆಯೂ ಆಯಿತು. ದಿನವಿಡೀ ವ್ಯಾಕರಣ ಕಲಿಸಿ ದಣಿದು, ಕಣ್ಣು ಮುಚ್ಚಿ ಆಂಗ್ರಿಯಾವನ್ನು ಕಾಣುತ್ತಿರುವಾಗ ಯಾವಳೋ ಹುಡುಗಿ ಪಾಠ ಒಪ್ಪಿಸಲು ಬಂದು ನಿಲ್ಲುತ್ತಾಳೆ. ಆ ಸಿಟ್ಟನ್ನು ಅವಳು ಚೂರು ಕಾಗದಗಳ ಮೇಲೆ ಬರೆದಿಟ್ಟಿದ್ದಾಳೆ. ಕೆಲವು ಸಾಲುಗಳನ್ನು ಕಣ್ಣು ಮುಚ್ಚಿಕೊಂಡೇ ಬರೆದಳು.

1836ರ ಡಿಸೆಂಬರಿನಲ್ಲಿ ಅವಳು ಆಸ್ಥಾನಕವಿ ರಾಬರ್ಟ್ ಸೌದಿಗೆ ಕವನ ಕಳಿಸಿ ಅಭಿಪ್ರಾಯ ಕೇಳಿದಳು. ಮಾರ್ಚಿನಲ್ಲಿ ಉತ್ತರ ಬಂತು. ಬರೆಯುವ ಶಕ್ತಿ ಇದೆಯೆಂದು ಒಪ್ಪಿಯೂ, ಸಾಹಿತ್ಯ ಹೆಣ್ಣಿನ ಬದುಕಿನ ಕಸುಬಾಗಲಾರದು, ಆಗಲೂ ಬಾರದು ಎಂದು ಆತ ತಿಳಿಸಿದ. ಹಗಲುಗನಸು ಮನಸ್ಸನ್ನು ಕೆಡಿಸೀತೆಂಬ ಎಚ್ಚರಿಕೆಯೂ ಅದರಲ್ಲಿತ್ತು. ಬ್ರಾನ್‌ವೆಲ್ ವರ್ಡ್ಸ್‌ವರ್ತ್‌ಗೆ ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ. ‘ಬ್ಲ್ಯಾಕ್‌ವುಡ್ಸ್’ಗೆ ಮತ್ತೆಮತ್ತೆ ಬರೆದದ್ದೂ ವ್ಯರ್ಥವಾಯಿತು. ಅಕ್ಕ ತಂಗಿಯರು ತಮ್ಮ ಪಾಡಿಗೆ ಬರೆಯುತ್ತಲೇ ಹೋದರು. 1839ರ ಸುಮಾರಿಗೆ ಶಾರ್ಲೆಟ್ ಆಂಗ್ರಿಯಾಕ್ಕೆ ವಿದಾಯ ಹೇಳುವ ಬರಹವೊಂದನ್ನು ಬರೆದಳು. ಉರಿಬಿಸಿಲಿನ ಆ ನಾಡನ್ನು ಬಿಟ್ಟು, ಮೋಡ ಕವಿದ ಸಾದಾ ಸೀಮೆಗೆ ಹೋಗಬೇಕೆಂಬ ನಿರ್ಧಾರ ಅದರಲ್ಲಿದೆ.

ಎಮಿಲಿ, ಆನ್ ಅಂಥ ವಿದಾಯ ಹೇಳಲಿಲ್ಲ. 1845ರ ಜೂನ್ ಕೊನೆಗೆ ಇಬ್ಬರೂ ಯಾರ್ಕ್ ನಗರಕ್ಕೆ ಹೋಗಿ ಬಂದರು. ಎಮಿಲಿಗೆ ಇಪ್ಪತ್ತಾರು ಮುಗಿಯುತ್ತಿತ್ತು, ಆನ್‌ಗೆ ಇಪ್ಪತ್ತೈದು. ಪ್ರಯಾಣದುದ್ದಕ್ಕೂ ತಾವು ಗೊಂಡಾಲಿನ ಯಾವ ಯಾವ ರಾಜಕುಮಾರ, ರಾಜಕುಮಾರಿಯರಾಗಿದ್ದೆವು ಎಂದು ಎಮಿಲಿ ಆ ಜುಲೈ ತಿಂಗಳ ಹಾಳೆಯಲ್ಲಿ ಹೆಸರುಗಳನ್ನು ಪಟ್ಟಿಮಾಡಿದ್ದಾಳೆ. ಅದೇ ವರ್ಷದ ಶರತ್ಕಾಲದಲ್ಲಿ ಎಮಿಲಿಯ ಕವನಗಳ ಪುಸ್ತಕ ಶಾರ್ಲೆಟ್ ಕಣ್ಣಿಗೆ ಬಿತ್ತು. ಕೇಳದೆ ಓದಿದ್ದಕ್ಕೆ ತಂಗಿ ಕೆಂಡವಾದಳು. ಸಮಾಧಾನ ಮಾಡಿ, ಮೂವರ ಕವನಗಳನ್ನೂ ಸೇರಿಸಿ, ಕರರ್, ಎಲ್ಲಿಸ್, ಆಕ್ಟನ್ ಬೆಲ್ ಎಂಬ ಗುಪ್ತನಾಮದಲ್ಲಿ 1846ರ ಮೇ ತಿಂಗಳಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿದರು. ಗೊಂಡಾಲಿನ ಹೆಸರುಗಳನ್ನು ಅಚ್ಚಿಗೆ ಹೋಗುವ ಮುನ್ನ ತೆಗೆದುಹಾಕಲಾಯಿತು. ಮೊದಲ ವರ್ಷ ಮಾರಾಟವಾದದ್ದು ಎರಡೇ ಪ್ರತಿ.

ಮರುವರ್ಷದ ಕಾದಂಬರಿಗಳು ಬಾಲ್ಯದ ಓದನ್ನೂ ಆಟವನ್ನೂ ಒಳಗಿಟ್ಟುಕೊಂಡೇ ಬಂದವು. ‘ಜೇನ್ ಐರ್’ ಶುರುವಾಗುವುದೇ ಹುಡುಗಿಯೊಬ್ಬಳು ಕಿಟಕಿಯ ಪರದೆಯ ಹಿಂದೆ ಅಡಗಿ ಬ್ಯೂಯಿಕ್‌ನ ಪಕ್ಷಿಗಳ ಪುಸ್ತಕ ನೋಡುವುದರಿಂದ. ಆ ಕಾದಂಬರಿಯ ನಾಯಕ ರಾಚೆಸ್ಟರ್‌ನಲ್ಲಿ ಝಮೋರ್ನಾನ ನೆರಳಿದೆ ಎಂದು ವಿಮರ್ಶಕರು ಹೇಳುತ್ತಾರೆ. 1830ರ ಆ ಪುಟ್ಟ ಸಂಚಿಕೆಯ ಒಂದು ಕಥೆಯಲ್ಲಿ, ತಾನು ಕೊಂದವರ ನೆನಪಿನಿಂದ ಹುಚ್ಚುಹಿಡಿದವನ ಹಾಸಿಗೆಯ ಪರದೆಗೆ ಬೆಂಕಿ ಹತ್ತುತ್ತದೆ. ‘ಜೇನ್ ಐರ್’ನಲ್ಲಿ ರಾಚೆಸ್ಟರ್ ಮಲಗಿದ್ದಾಗ ಹಾಸಿಗೆಗೆ ಬೆಂಕಿ ಬೀಳುವ ಪ್ರಸಂಗದ ಮೊದಲ ರೂಪ ಇಲ್ಲಿದೆ. ಆದರೆ ಬಾಲ್ಯದ ಬರಹಗಳನ್ನು ಕಾದಂಬರಿಗೆ ಪೂರ್ವಸಿದ್ಧತೆಯೆಂದಷ್ಟೇ ನೋಡುವುದು ಅವಕ್ಕೆ ಅನ್ಯಾಯ. ಬರೆಯುವ ಹೊತ್ತಿನಲ್ಲಿ ಆ ಮಕ್ಕಳಿಗೆ ಅವೇ ಪೂರ್ತಿ ಪುಸ್ತಕಗಳಾಗಿದ್ದವು. ಅವುಗಳಲ್ಲಿರುವ ಹುರುಪು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕಾದು ಓದಿ ಮುಂದುವರಿಸುವ ಆತುರ, ಒಂಟಿಯಾಗಿ ಬರೆದ ಮುಂದಿನ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಬ್ರಾನ್‌ವೆಲ್ ಮತ್ತು ಎಮಿಲಿ 1848ರಲ್ಲಿ, ಆನ್ 1849ರಲ್ಲಿ, ಶಾರ್ಲೆಟ್ 1855ರಲ್ಲಿ ತೀರಿಕೊಂಡರು. ಶಾರ್ಲೆಟ್‌ಳ ಜೀವನಚರಿತ್ರೆ ಬರೆಯಲು ಬಂದ ಎಲಿಜಬೆತ್ ಗ್ಯಾಸ್ಕೆಲ್ ಕೈಗೆ ಈ ಪುಟ್ಟ ಹಸ್ತಪ್ರತಿಗಳ ಕಟ್ಟು ಬಂದು, 1857ರಲ್ಲಿ ಲೋಕಕ್ಕೆ ಮೊದಲು ಸುದ್ದಿ ತಿಳಿಯಿತು. 1895ರಲ್ಲಿ ಶಾರ್ಲೆಟ್‌ಳ ಗಂಡ ಆರ್ಥರ್ ನಿಕೋಲ್ಸ್‌ರಿಂದ ಬಹುಪಾಲು ಹಸ್ತಪ್ರತಿಗಳನ್ನು ಲಂಡನ್ನಿನ ಪುಸ್ತಕ ಸಂಗ್ರಾಹಕ ಟಿ. ಜೆ. ವೈಸ್‌ಗಾಗಿ ಕೊಳ್ಳಲಾಯಿತು. ಆತ ಅವನ್ನು ಬಿಡಿಬಿಡಿಯಾಗಿ ಮಾರಿದ. ಒಂದೇ ಕಥೆಯ ಹಾಳೆಗಳು ಬೇರೆ ಬೇರೆ ಊರು ಸೇರಿದವು. ಹಾವರ್ತ್, ಬ್ರಿಟಿಷ್ ಲೈಬ್ರರಿ, ಹಾರ್ವರ್ಡ್, ಟೆಕ್ಸಾಸ್ ಹೀಗೆ ಚದುರಿದ್ದನ್ನು ಫ್ಯಾನಿ ರ‍್ಯಾಚ್‌ಫರ್ಡ್, ಕ್ರಿಸ್ಟೀನ್ ಅಲೆಕ್ಸಾಂಡರ್ ಮೊದಲಾದ ವಿದ್ವಾಂಸರು ದಶಕಗಟ್ಟಲೆ ಹುಡುಕಿ, ಭೂತಗನ್ನಡಿ ಹಿಡಿದು ಓದಿ, ಜೋಡಿಸಿದರು. ಗೊಂಡಾಲಿನ ಗದ್ಯಕಥೆಗಳಲ್ಲಿ ಒಂದೂ ಸಿಕ್ಕಿಲ್ಲ, ಕವನಗಳು ಮತ್ತು ಹೆಸರುಗಳ ಪಟ್ಟಿಗಳು ಮಾತ್ರ ಉಳಿದಿವೆ.

ಬ್ರಾಂಟಿಗಳ ಮನೆ 1928ರಿಂದ ಮ್ಯೂಸಿಯಂ ಆಗಿದೆ. 2019ರ ನವೆಂಬರಿನಲ್ಲಿ ‘ಯಂಗ್ ಮೆನ್ಸ್ ಮ್ಯಾಗಝೀನ್’ 1830ರ ಎರಡನೆಯ ಸಂಚಿಕೆ ಪ್ಯಾರಿಸಿನಲ್ಲಿ ಹರಾಜಿಗೆ ಬಂದಾಗ, ಜನರ ಚಂದಾ ಹಣವನ್ನೂ ಸೇರಿಸಿ ಮ್ಯೂಸಿಯಂ ಅದನ್ನು ಶುಲ್ಕ ಬಿಟ್ಟು 6 ಲಕ್ಷ ಯೂರೋಗೆ ಕೊಂಡಿತು. ಆ ಸಾಲಿನ ಆರು ಸಂಚಿಕೆಗಳಲ್ಲಿ ಉಳಿದಿರುವ ಐದೂ ಹೀಗೆ ಒಂದೆಡೆ ಸೇರಿದವು. 2022ರಲ್ಲಿ ಶಾರ್ಲೆಟ್ ಹದಿಮೂರನೆಯ ವಯಸ್ಸಿನಲ್ಲಿ ಬರೆದು ಹೊಲಿದ, ಹತ್ತು ಕವನಗಳ ಪುಸ್ತಕವನ್ನು ಬ್ರಿಟನ್ನಿನ ಗ್ರಂಥಾಲಯಗಳಿಗೆ ನೆರವಾಗುವ ಸಂಸ್ಥೆಯೊಂದು 12.5 ಲಕ್ಷ ಡಾಲರ್ ಕೊಟ್ಟು ಖರೀದಿಸಿ ಹಾವರ್ತ್‌ಗೆ ದಾನಮಾಡಿತು.